ಪುರಸಭೆ ಕರಡು ಹೊರಡಿಸಿದೆ, ನೀವು ಓದಿದಿರಾ?

ಪತ್ರಿಕೆಯ ಒಳಪುಟದಲ್ಲಿ ಟೆಂಡರ್ ಪ್ರಕಟಣೆ, ಹೆಸರು ಬದಲಾವಣೆಯ ಜಾಹೀರಾತುಗಳ ನಡುವೆ ಆಗಾಗ ಒಂದು ಚಿಕ್ಕ ಚೌಕ ಕಾಣಿಸಿಕೊಳ್ಳುತ್ತದೆ. ಬೀದಿ ಬದಿ ವ್ಯಾಪಾರದ ಕರಡು ಉಪವಿಧಿಗಳನ್ನು ಕಚೇರಿಯ ಸೂಚನಾ ಫಲಕದಲ್ಲಿ ಹಾಕಲಾಗಿದೆ, ಆಕ್ಷೇಪಣೆ ಇದ್ದವರು ಇಷ್ಟು ದಿನದೊಳಗೆ ಲಿಖಿತವಾಗಿ ಸಲ್ಲಿಸಬೇಕು ಎಂದು ಅದರಲ್ಲಿರುತ್ತದೆ. ಕೆಳಗೆ ಮುಖ್ಯಾಧಿಕಾರಿಯದೋ ಪೌರಾಯುಕ್ತರದೋ ಸಹಿ. ಬಸ್ ನಿಲ್ದಾಣದ ಎದುರು ಹೂವು ಮಾರುವವರು ಆ ಪುಟ ನೋಡುವುದಿಲ್ಲ. ಫುಟ್‌ಪಾತಿನಲ್ಲಿ ನಡೆಯಲು ಜಾಗವೇ ಇಲ್ಲ ಎಂದು ದಿನಾ ಗೊಣಗುವವರೂ ನೋಡುವುದಿಲ್ಲ. ಕೆಲವು ತಿಂಗಳ ಮೇಲೆ ತೆರವು ಕಾರ್ಯಾಚರಣೆಗೆ ಜೆಸಿಬಿ ಬಂದಾಗ ಒಬ್ಬರು ಅಳುತ್ತಾರೆ, ಇನ್ನೊಬ್ಬರು ಸಮಾಧಾನಪಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಗಾಡಿಗಳು ಅಲ್ಲೇ ನಿಂತಿರುತ್ತವೆ.

ನಮ್ಮ ಊರುಗಳಲ್ಲಿ ಫುಟ್‌ಪಾತಿನ ಜಗಳ ಬಗೆಹರಿಯದಿರುವುದಕ್ಕೆ ಕಾನೂನು ಇಲ್ಲದಿರುವುದು ಕಾರಣವಲ್ಲ. ಕಾನೂನು ಇದೆ, ಸಾಕಷ್ಟು ವಿವರವಾಗಿಯೇ ಇದೆ. ಅದನ್ನು ನಮ್ಮ ಬೀದಿಗೆ ಅಳವಡಿಸುವ ಉಪವಿಧಿ ಬರೆಯುವಾಗ ಅಲ್ಲಿ ನಾವು ಯಾರೂ ಇರುವುದಿಲ್ಲ, ಅಷ್ಟೆ. ವ್ಯಾಪಾರಿ, ಅಂಗಡಿ ಮಾಲೀಕ, ಬಡಾವಣೆಯ ನಿವಾಸಿ, ಬರಿಯ ಪಾದಚಾರಿ ಯಾರೇ ಆಗಿರಲಿ, ಆ ಕರಡನ್ನು ಹೇಗೆ ಓದಬೇಕು, ಎಲ್ಲಿ ಬೆರಳಿಟ್ಟು ಕೇಳಬೇಕು ಎಂಬುದು ಈ ಬರಹದ ವಿಷಯ.

ಮೊದಲು ಬುಡ ಎಲ್ಲಿದೆ ನೋಡೋಣ

ಬೀದಿ ಬದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಅಧಿನಿಯಮ ಬಂದದ್ದು 2014ರಲ್ಲಿ; ಆ ವರ್ಷದ ಮೇ 1ರಿಂದ ಜಾರಿಯಾಯಿತು. ಇದು ಸಂಸತ್ತು ಮಾಡಿದ ಕಾನೂನು. ಅದರಡಿ ರಾಜ್ಯ ಸರ್ಕಾರ ನಿಯಮಗಳನ್ನೂ ಒಂದು ಯೋಜನೆಯನ್ನೂ ರೂಪಿಸುತ್ತದೆ. ಅದರ ಕೆಳಗೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆಯ ಉಪವಿಧಿ, ಅಂದರೆ ನಾವು ಬೈಲಾ ಎನ್ನುವುದು, ಬರುತ್ತದೆ. ಈ ಸಾಲು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ. ಮೇಲಿನದು ಕೊಟ್ಟದ್ದನ್ನು ಕೆಳಗಿನದು ಕಿತ್ತುಕೊಳ್ಳುವಂತಿಲ್ಲ. ಬೇರೆ ಕಾನೂನು ಇದಕ್ಕೆ ವಿರುದ್ಧವಾಗಿದ್ದರೂ ಇದೇ ಮೇಲು ಎಂದು ಅಧಿನಿಯಮದ 33ನೇ ಕಲಂ ಹೇಳುತ್ತದೆ. ‘ನಮ್ಮ ಪುರಸಭೆ ಕಾಯ್ದೆಯಲ್ಲಿ ಒತ್ತುವರಿ ತೆರವಿಗೆ ಅಧಿಕಾರವಿದೆ’ ಎಂಬ ಮಾತು ಕೇಳಿಬಂದರೆ ಈ ಕಲಮನ್ನು ನೆನಪಿಸಬಹುದು.

ಸ್ಥಳೀಯ ಸಂಸ್ಥೆ ಯಾವ ಯಾವ ವಿಷಯಕ್ಕೆ ಉಪವಿಧಿ ಮಾಡಬಹುದು ಎಂಬುದನ್ನು 37ನೇ ಕಲಂ ಹೇಳುತ್ತದೆ: ವಲಯಗಳಲ್ಲಿ ವ್ಯಾಪಾರ ನಡೆಯುವ ರೀತಿ, ನಿರ್ವಹಣಾ ಶುಲ್ಕ, ತೆರಿಗೆ ಮತ್ತು ಫೀಸಿನ ವಸೂಲಿ, ಸಂಚಾರ, ಸರಕಿನ ಗುಣಮಟ್ಟ, ನೈರ್ಮಲ್ಯ. ಪಟ್ಟಿ ಸಣ್ಣದೇನಲ್ಲ. ಆದರೆ ‘ಇನ್ನು ಮುಂದೆ ಈ ಊರಿನಲ್ಲಿ ತಳ್ಳುಗಾಡಿ ಇರಕೂಡದು’ ಎಂದು ಒಂದೇ ಏಟಿಗೆ ಬರೆಯಲು ಅದು ಅವಕಾಶ ಕೊಡುವುದಿಲ್ಲ.

ಈ ಕಾನೂನಿನ ಹಿಂದೆ ನ್ಯಾಯಾಲಯದ ಉದ್ದನೆಯ ದಾರಿಯೂ ಇದೆ. ದೆಹಲಿಯ ಬೀದಿ ವ್ಯಾಪಾರಿಗಳ ಸೋದಾನ್ ಸಿಂಗ್ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡು ಮಾತು ಹೇಳಿತ್ತು. ರಸ್ತೆ ಬದಿ ವ್ಯಾಪಾರ ಮಾಡುವುದು ಮೂಲಭೂತ ಹಕ್ಕಿನ ವ್ಯಾಪ್ತಿಗೆ ಬರುತ್ತದೆ. ಆದರೆ ಇದೇ ಜಾಗ ನನ್ನದು ಎಂದು ಯಾರೂ ಹಕ್ಕು ಸ್ಥಾಪಿಸುವಂತಿಲ್ಲ. 2014ರ ಕಾನೂನು ಈ ಎರಡನ್ನೂ ಉಳಿಸಿಕೊಂಡಿದೆ. ವ್ಯಾಪಾರ ಪ್ರಮಾಣಪತ್ರ ಸಿಕ್ಕರೂ ನೆಲ ನಿಮ್ಮದಾಗುವುದಿಲ್ಲ ಎಂದು 29ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ವ್ಯಾಪಾರಿಗಳ ಸಂಘಗಳು ಮೊದಲನೆಯ ಮಾತನ್ನು, ನಿವಾಸಿಗಳ ಸಂಘಗಳು ಎರಡನೆಯದನ್ನು ಮಾತ್ರ ಉಲ್ಲೇಖಿಸುತ್ತವೆ. ಎರಡನ್ನೂ ಸೇರಿಸಿ ಓದುವ ಸಭೆಗಳು ಅಪರೂಪ.

ಕರಡು ಕೈಗೆ ಬಂದರೆ ಎಲ್ಲಿಂದ ಓದಬೇಕು

ಮೊದಲ ಪುಟದಿಂದ ಬೇಡ. ಮೊದಲ ಪುಟಗಳಲ್ಲಿ ವ್ಯಾಖ್ಯೆಗಳಿರುತ್ತವೆ, ಬಹುಪಾಲು ಅಧಿನಿಯಮದಿಂದ ನಕಲಾದವು. ನೇರವಾಗಿ ಅನುಬಂಧಕ್ಕೆ ಹೋಗಿ. ರಸ್ತೆಗಳ ಹೆಸರು ಇರುವುದು ಅಲ್ಲಿ.

ಊರನ್ನು ಮೂರು ಬಗೆಯಾಗಿ ವಿಂಗಡಿಸಿರುತ್ತಾರೆ: ನಿರ್ಬಂಧವಿಲ್ಲದ ವ್ಯಾಪಾರ ವಲಯ, ನಿರ್ಬಂಧಿತ ವಲಯ, ವ್ಯಾಪಾರ ನಿಷೇಧಿತ ವಲಯ. ಎಲ್ಲ ಗಲಾಟೆ ಮೂರನೆಯದರ ಸುತ್ತ. ನಿಷೇಧಿತ ವಲಯ ಘೋಷಿಸಲು ಅಧಿನಿಯಮದ ಮೊದಲ ಅನುಸೂಚಿಯಲ್ಲಿ ಕಟ್ಟುಪಾಡುಗಳಿವೆ. ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಗುರುತಾದ ಸಹಜ ಮಾರುಕಟ್ಟೆಯನ್ನು, ಅಂದರೆ ಕೊಳ್ಳುವವರೂ ಮಾರುವವರೂ ತಾವಾಗಿಯೇ ಬಹುಕಾಲದಿಂದ ಸೇರುತ್ತ ಬಂದ ಜಾಗವನ್ನು, ನಿಷೇಧಿತ ವಲಯ ಮಾಡುವಂತಿಲ್ಲ. ಎಬ್ಬಿಸಬೇಕಾದವರ ಸಂಖ್ಯೆ ಆದಷ್ಟು ಕಡಿಮೆ ಇರಬೇಕು. ಜನಸಂದಣಿಯೊಂದನ್ನೇ ನೆಪ ಮಾಡಿಕೊಳ್ಳಬಾರದು. ಕೊಳಕು ಎಂಬ ಕಾರಣ ಕೊಡುವುದಾದರೆ, ಆ ಕೊಳಕು ಕೇವಲ ವ್ಯಾಪಾರಿಗಳಿಂದಲೇ ಆಗಿರಬೇಕು, ಪುರಸಭೆಯ ಸ್ವಚ್ಛತಾ ಕೆಲಸದಿಂದ ಅದು ಸರಿಹೋಗುವಂತಿರಬಾರದು. ಸಮೀಕ್ಷೆ ಆಗಿ ವ್ಯಾಪಾರ ಯೋಜನೆ ಸಿದ್ಧವಾಗುವವರೆಗೆ ನಿಷೇಧಿತ ವಲಯ ಎಂಬ ಘೋಷಣೆಯೇ ಕೂಡದು.

ಹಾಗಾಗಿ ಅನುಬಂಧದಲ್ಲಿ ನಿಮ್ಮ ರಸ್ತೆ ಕಂಡರೆ ಕೇಳಬೇಕಾದ್ದು ಎರಡೇ: ಸಮೀಕ್ಷೆ ಯಾವಾಗ ಆಯಿತು? ಈ ರಸ್ತೆಯಲ್ಲಿ ಎಷ್ಟು ಜನರನ್ನು ಗುರುತಿಸಿದಿರಿ? ಸಮೀಕ್ಷೆ ಕನಿಷ್ಠ ಐದು ವರ್ಷಕ್ಕೊಮ್ಮೆ ಆಗಲೇಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ ಎಂದು 3ನೇ ಕಲಂ ಹೇಳುತ್ತದೆ.

ಸಂಖ್ಯೆಯ ವಿಷಯದಲ್ಲಿ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಸಮೀಕ್ಷೆಯಲ್ಲಿ ಸಿಕ್ಕ ವ್ಯಾಪಾರಿಗಳಿಗೆ ಆ ವಾರ್ಡ್, ವಲಯ ಅಥವಾ ಊರಿನ ಜನಸಂಖ್ಯೆಯ ಶೇ 2.5ರ ಮಿತಿಯವರೆಗೆ ಜಾಗ ಒದಗಿಸಬೇಕು. ಒಂದು ಲಕ್ಷ ಜನರ ಊರೆಂದರೆ 2,500 ವ್ಯಾಪಾರಿಗಳು. ಇದು ಮಿತಿ, ಭರವಸೆಯಲ್ಲ. ಅಷ್ಟೂ ಗಾಡಿಗಳನ್ನು ತಂದು ನಿಲ್ಲಿಸಬೇಕೆಂದು ಅರ್ಥವಲ್ಲ. ಆದರೆ ಕರಡಿನಲ್ಲಿ 300 ಜಾಗ ತೋರಿಸಿ, ಸಮೀಕ್ಷೆಯಲ್ಲಿ 900 ಜನ ಇದ್ದರೆ, ಉಳಿದ 600 ಜನ ಎಲ್ಲಿಗೆ ಎಂಬ ಪ್ರಶ್ನೆಗೆ ಕಚೇರಿ ಉತ್ತರ ಕೊಡಲೇಬೇಕು. ಒಂದು ವಲಯದಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರೆ ಚೀಟಿ ಎತ್ತಿ ಹಂಚಿ, ಮಿಕ್ಕವರಿಗೆ ಪಕ್ಕದ ವಲಯದಲ್ಲಿ ಜಾಗ ಕೊಡಬೇಕೆಂಬುದು ಕಾನೂನಿನ ಕ್ರಮ.

ನಿರ್ಬಂಧಿತ ವಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ನೋಡಬೇಕಾದ್ದು ಸಮಯ. ಬೆಳಿಗ್ಗೆ ತರಕಾರಿ, ಸಂಜೆ ತಿಂಡಿ ಎಂದು ಒಂದೇ ಜಾಗವನ್ನು ಪಾಳಿಯಲ್ಲಿ ಹಂಚಿದ್ದರೆ, ಪಾಳಿ ಮುಗಿದ ಕೂಡಲೇ ಸರಕು ತೆಗೆಯುವುದು ವ್ಯಾಪಾರಿಯ ಹೊಣೆ. ಬರೆದ ಸಮಯ ನಿಮ್ಮ ವ್ಯಾಪಾರಕ್ಕೆ ಒಗ್ಗುತ್ತದೆಯೇ ನೋಡಿಕೊಳ್ಳಿ. ಹೂವಿನವರಿಗೆ ಬೆಳಿಗ್ಗೆ ಹತ್ತರ ನಂತರದ ಅನುಮತಿ ಕೊಟ್ಟರೆ ಕೊಡದಿದ್ದಂತೆಯೇ.

ಟೇಪು ಹಿಡಿದು ಅಳೆಯಿರಿ

ಪಾದಚಾರಿಗಳ ಪರವಾಗಿ ಮಾತಾಡುವವರು ಕರಡಿನಲ್ಲಿ ಹುಡುಕಬೇಕಾದ್ದು ಒಂದು ಅಂಕಿ: ನಡೆಯಲು ಬಿಡುವ ಖಾಲಿ ಜಾಗದ ಅಗಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ (ಐಆರ್‌ಸಿ 103, 2012ರ ಪರಿಷ್ಕರಣೆ) ಪ್ರಕಾರ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 2.2 ಮೀಟರ್ ಇರಬೇಕು. 1.8 ಮೀಟರ್ ಎಂದರೆ ಹತ್ತಿರ ಹತ್ತಿರ ಆರು ಅಡಿ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವಷ್ಟು. ಎತ್ತರದ ಮಾತನ್ನು ಯಾರೂ ಗಮನಿಸುವುದಿಲ್ಲ, ಆದರೆ ಟಾರ್ಪಾಲಿನ ಹಗ್ಗ ಕತ್ತಿಗೆ ತಗುಲಿದವರಿಗೆ ಅದರ ಬೆಲೆ ಗೊತ್ತು. ದೃಷ್ಟಿ ಇಲ್ಲದವರಿಗಂತೂ ಅದು ಅಪಾಯವೇ.

‘ಸಂಚಾರಕ್ಕೆ ಅಡಚಣೆಯಾಗದಂತೆ ವ್ಯಾಪಾರ ಮಾಡತಕ್ಕದ್ದು’ ಎಂಬ ವಾಕ್ಯ ಬಹುತೇಕ ಕರಡುಗಳಲ್ಲಿ ಇರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಉಪವಿಧಿಯಲ್ಲಿ ಅತ್ಯಂತ ಕೆಟ್ಟ ವಾಕ್ಯ ಇದೇ. ಅಡಚಣೆ ಯಾವುದು ಎಂದು ತೀರ್ಮಾನಿಸುವ ಅಧಿಕಾರ ಆ ಹೊತ್ತಿಗೆ ಅಲ್ಲಿ ನಿಂತ ಸಿಬ್ಬಂದಿಗೆ ಹೋಗುತ್ತದೆ. ‘ಮಾಮೂಲಿ’ ಹುಟ್ಟುವುದು ಅಲ್ಲಿಂದಲೇ. ಅದರ ಬದಲು ಮೀಟರಿನಲ್ಲಿ ಬರೆಯಿಸಿ. ಗಾಡಿಯ ಉದ್ದ ಇಷ್ಟು, ಅಗಲ ಇಷ್ಟು, ಕಟ್ಟಡದ ಗೋಡೆಯಿಂದ ಇಷ್ಟು ಜಾಗ ಖಾಲಿ, ಜೀಬ್ರಾ ಗೆರೆಯಿಂದ, ಬಸ್ ತಂಗುದಾಣದಿಂದ, ಟ್ರಾನ್ಸ್‌ಫಾರ್ಮರಿನಿಂದ ಇಷ್ಟು ದೂರ. ನೆಲದ ಮೇಲೆ ಹಳದಿ ಬಣ್ಣದ ಗೆರೆ. ಗೆರೆಯೊಳಗಿದ್ದರೆ ಯಾರೂ ಮುಟ್ಟುವಂತಿಲ್ಲ, ಹೊರಗಿದ್ದರೆ ವಾದವಿಲ್ಲ. ವ್ಯಾಪಾರಿಗೂ ಪಾದಚಾರಿಗೂ ಇದರಿಂದ ಒಟ್ಟಿಗೇ ಲಾಭ.

ಫುಟ್‌ಪಾತನ್ನೇ ನುಂಗಿರುವ ಉಳಿದವರ ಮೇಲೂ ಕಣ್ಣಿಡಿ. ನಿಲ್ಲಿಸಿದ ಬೈಕುಗಳು, ಅಂಗಡಿಯಿಂದ ಹೊರಚಾಚಿದ ಮೆಟ್ಟಿಲು, ಜನರೇಟರು, ‘ಇಲ್ಲಿ ಫ್ಲಾಟುಗಳು ಲಭ್ಯ’ ಎಂಬ ಫಲಕ. ಸೊಪ್ಪಿನ ಬುಟ್ಟಿಯನ್ನು ಮಾತ್ರ ಒತ್ತುವರಿ ಎಂದು ಎಣಿಸುವ ಉಪವಿಧಿ ಅರ್ಧ ಉಪವಿಧಿ.

ಅಂಗಡಿಯವರಿಗೆ ಎರಡು ಮಾತು

ಮಳಿಗೆ ಇರುವವರು ಅದರ ಮುಂದಿನ ಫುಟ್‌ಪಾತಿನಲ್ಲಿ ಮೇಜು ಹಾಕಿ ಸರಕು ಹರಡಿದರೆ ಅದು ಬೀದಿ ಬದಿ ವ್ಯಾಪಾರ ಆಗುವುದಿಲ್ಲ. ಪ್ರಮಾಣಪತ್ರ ಪಡೆಯುವವರು ಬೇರೆ ಜೀವನೋಪಾಯ ಇಲ್ಲವೆಂದೂ, ತಾವು ಅಥವಾ ಕುಟುಂಬದವರೇ ವ್ಯಾಪಾರ ಮಾಡುವುದಾಗಿಯೂ ಮುಚ್ಚಳಿಕೆ ಬರೆದುಕೊಡಬೇಕು. ಇನ್ನೊಂದು ಅಭ್ಯಾಸ ಎಲ್ಲ ಊರಿನಲ್ಲೂ ಇದೆ. ಅಂಗಡಿ ಮುಂದೆ ಗಾಡಿ ನಿಲ್ಲಿಸುವವರಿಂದ ಕಟ್ಟಡದ ಮಾಲೀಕರು ದಿನಬಾಡಿಗೆ ಎತ್ತುತ್ತಾರೆ. ಸಾರ್ವಜನಿಕ ನೆಲವನ್ನು ಬಾಡಿಗೆಗೆ ಕೊಡಲು ಅವರು ಯಾರು? ಅದೇ ಮಾತು ವ್ಯಾಪಾರಿಗೂ ಅನ್ವಯ. ಪ್ರಮಾಣಪತ್ರವನ್ನಾಗಲಿ ಜಾಗವನ್ನಾಗಲಿ ಬಾಡಿಗೆಗೆ ಕೊಟ್ಟರೆ ಪ್ರಮಾಣಪತ್ರವೇ ರದ್ದಾಗಬಹುದು.

ವ್ಯಾಪಾರಿಗಳೇ, ಈ ಕಾಗದಗಳು ನಿಮ್ಮ ಬಳಿ ಇರಲಿ

ಮೊದಲನೆಯದು ವ್ಯಾಪಾರ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ. ಒಂದೇ ಜಾಗದವರಿಗೆ, ಸುತ್ತಾಡಿ ಮಾರುವವರಿಗೆ ಬೇರೆ ಬೇರೆ ವರ್ಗವಿದೆ. ನಿಮ್ಮ ಚೀಟಿಯಲ್ಲಿ ಸರಿಯಾದ ವರ್ಗ ಬರೆದಿದೆಯೇ ನೋಡಿ. ತಳ್ಳುಗಾಡಿಯವರಿಗೆ ‘ಸಂಚಾರಿ’ ಎಂದು ಕೊಟ್ಟು, ಆಮೇಲೆ ಒಂದು ಕಡೆ ನಿಂತಿದ್ದಕ್ಕೆ ತೊಂದರೆ ಕೊಡುವುದುಂಟು. ಸಮೀಕ್ಷೆಯ ದಿನ ಊರಿಗೆ ಹೋಗಿದ್ದೆ, ಹೆಸರು ಬಿಟ್ಟುಹೋಯಿತು ಎನ್ನುವವರು ನಿರಾಶರಾಗಬೇಕಿಲ್ಲ. ಎರಡು ಸಮೀಕ್ಷೆಗಳ ನಡುವೆಯೂ ಜಾಗದ ಮಿತಿಗೆ ಒಳಪಟ್ಟು ಹೊಸ ಪ್ರಮಾಣಪತ್ರ ಕೊಡಬಹುದು. ಅರ್ಜಿ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ. ಪ್ರಮಾಣಪತ್ರ ಇದ್ದವರು ತೀರಿಕೊಂಡರೆ ಅಥವಾ ಶಾಶ್ವತವಾಗಿ ಅಶಕ್ತರಾದರೆ, ಅದರ ಅವಧಿ ಮುಗಿಯುವವರೆಗೆ ಗಂಡ ಅಥವಾ ಹೆಂಡತಿ, ಇಲ್ಲವೇ ಅವಲಂಬಿತ ಮಕ್ಕಳಲ್ಲಿ ಒಬ್ಬರು ವ್ಯಾಪಾರ ಮುಂದುವರಿಸಬಹುದು. ಇದು ಗೊತ್ತಿಲ್ಲದೆ ಜಾಗ ಬಿಟ್ಟುಹೋದ ವಿಧವೆಯರು ಎಷ್ಟೋ ಮಂದಿ.

ಎರಡನೆಯದು ರಸೀದಿ. ಶುಲ್ಕ, ನೆಲಬಾಡಿಗೆ, ಸಂತೆ ಸುಂಕ ಏನೇ ಕಟ್ಟಿದರೂ ರಸೀದಿ ಕೇಳಿ ಪಡೆಯಿರಿ, ಹರಿದ ಚೂರಾದರೂ ಸರಿ. ಐದು ವರ್ಷದಿಂದ ಇಲ್ಲೇ ಇದ್ದೇನೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ತಿಂಡಿ ಗಾಡಿಯವರು ಇದರ ಜೊತೆ ಆಹಾರ ಸುರಕ್ಷತಾ ನೋಂದಣಿಯ ಬಗ್ಗೆಯೂ ವಿಚಾರಿಸಿಕೊಳ್ಳಿ.

ಪಿಎಂ ಸ್ವನಿಧಿ ಸಾಲವೂ ಈ ಕಾಗದಗಳ ಮೇಲೆಯೇ ನಿಂತಿದೆ. 2020ರ ಜೂನ್‌ನಲ್ಲಿ 10,000 ರೂಪಾಯಿಯ ಮೊದಲ ಕಂತಿನೊಂದಿಗೆ ಶುರುವಾದ ಯೋಜನೆಯನ್ನು ಕೇಂದ್ರ ಸಂಪುಟ 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿತು. ಈಗ ಮೊದಲ ಸಾಲ 15,000, ಎರಡನೆಯದು 25,000, ಮೂರನೆಯದು 50,000 ರೂಪಾಯಿವರೆಗೆ. ಪ್ರಮಾಣಪತ್ರ ಇಲ್ಲದವರಿಗೆ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಬೇಕು. ಸಾಲ ಬೇಡದಿದ್ದರೂ ಆ ಪತ್ರ ಪಡೆದಿಟ್ಟುಕೊಳ್ಳಿ ಎನ್ನುವೆ. ನೀವು ವ್ಯಾಪಾರಿ ಎಂದು ಕಚೇರಿಯೇ ಬರೆದುಕೊಟ್ಟ ಕಾಗದ ಅದು.

ಸರಕು ಎತ್ತಿಕೊಂಡು ಹೋದರೆ

ಜಾಗ ಖಾಲಿ ಮಾಡಿಸಲು 30 ದಿನಗಳ ನೋಟಿಸ್ ಕೊಡಬೇಕು. ಆ ಅವಧಿ ಕಳೆದರೂ ಬಿಡದಿದ್ದರೆ ದಿನಕ್ಕೆ 250 ರೂಪಾಯಿವರೆಗೆ ದಂಡ ಹಾಕಬಹುದು, ಆದರೆ ಒಟ್ಟು ದಂಡ ಜಪ್ತಿಯಾದ ಸರಕಿನ ಬೆಲೆಯನ್ನು ಮೀರುವಂತಿಲ್ಲ. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದು, ಅಧಿಕೃತ ಸಹಿ ಹಾಕಿ ನಿಮಗೊಂದು ಪ್ರತಿ ಕೊಡಬೇಕು. ಸೊಪ್ಪು, ಹಣ್ಣು, ಹೂವಿನಂಥ ಕೆಡುವ ಸರಕನ್ನು ನೀವು ಕೇಳಿದ ದಿನವೇ, ಬಟ್ಟೆ, ಪಾತ್ರೆಯಂಥದ್ದನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಟೊಮ್ಯಾಟೊ ಎತ್ತಿಕೊಂಡು ಹೋಗುವ ಲಾರಿಯ ಹಿಂದೆ ಓಡುವ ಬದಲು ಪಟ್ಟಿ ಕೇಳಿ. ಕೊಡದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು, ಸಮಯ ಬರೆದು, ಅದೇ ದಿನ ಕಚೇರಿಗೆ ಲಿಖಿತ ದೂರು ಕೊಡಿ. ದೂರುಗಳಿಗೆಂದೇ ನಿವೃತ್ತ ಸಿವಿಲ್ ನ್ಯಾಯಾಧೀಶರು ಅಥವಾ ನ್ಯಾಯಿಕ ಮ್ಯಾಜಿಸ್ಟ್ರೇಟರ ಅಧ್ಯಕ್ಷತೆಯ ವ್ಯಾಜ್ಯ ಪರಿಹಾರ ಸಮಿತಿ ಇರಬೇಕೆಂದು ಕಾನೂನು ಹೇಳುತ್ತದೆ. ಪ್ರಮಾಣಪತ್ರದ ಪ್ರಕಾರ ವ್ಯಾಪಾರ ಮಾಡುವವರಿಗೆ ಪೊಲೀಸರಾಗಲಿ ಬೇರೆ ಅಧಿಕಾರಿಗಳಾಗಲಿ ಅಡ್ಡಿ ಮಾಡುವಂತಿಲ್ಲ ಎಂಬುದು 27ನೇ ಕಲಂ.

ಒಂದು ಎಚ್ಚರಿಕೆ. ಈ ಅಧಿನಿಯಮ ರೈಲ್ವೆ ಜಾಗಕ್ಕೆ ಅನ್ವಯಿಸುವುದಿಲ್ಲ. ನಿಲ್ದಾಣದ ಅಂಗಳದಲ್ಲಿ ನಿಂತವರು ಪುರಸಭೆಯ ಚೀಟಿ ತೋರಿಸಿ ಪ್ರಯೋಜನವಿಲ್ಲ.

ಆಕ್ಷೇಪಣೆ ಬರೆಯುವ ರೀತಿ

ವಕೀಲರ ಭಾಷೆ ಬೇಕಿಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ‘ಬಡವರ ಹೊಟ್ಟೆ ಮೇಲೆ ಹೊಡೆಯಬೇಡಿ’ ಎಂದಷ್ಟೇ ಬರೆದರೆ ಕಡತದಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ಷರಾ ಬಿದ್ದು ಮುಗಿಯುತ್ತದೆ. ಖಂಡದ ಸಂಖ್ಯೆ, ತಕರಾರು, ಅದರ ಬದಲಿಗೆ ಏನು ಬೇಕು, ಈ ಮೂರು ಇರಬೇಕು. ಹೀಗೆ:

‘ಕರಡಿನ ಇಂಥ ಖಂಡದಲ್ಲಿ ಹಳೆ ಬಸ್ ನಿಲ್ದಾಣ ರಸ್ತೆಯನ್ನು ವ್ಯಾಪಾರ ನಿಷೇಧಿತ ವಲಯವೆಂದು ತೋರಿಸಿದೆ. ಇಲ್ಲಿ ತಲೆಮಾರಿನಿಂದ ತರಕಾರಿ ವ್ಯಾಪಾರ ನಡೆಯುತ್ತಿದ್ದು ಇದು ಸಹಜ ಮಾರುಕಟ್ಟೆಯಾಗಿದೆ. ಅಧಿನಿಯಮದ ಮೊದಲ ಅನುಸೂಚಿಯ ಪ್ರಕಾರ ಇದನ್ನು ನಿಷೇಧಿತ ವಲಯ ಮಾಡಲು ಬರುವುದಿಲ್ಲ. ಬದಲಾಗಿ ರಸ್ತೆಯ ಪೂರ್ವ ಬದಿಯಲ್ಲಿ 1.8 ಮೀಟರ್ ನಡೆದಾರಿ ಬಿಟ್ಟು, ಗೆರೆ ಎಳೆದು, ಬೆಳಿಗ್ಗೆ 6ರಿಂದ 11ರವರೆಗೆ ನಿರ್ಬಂಧಿತ ವಲಯವೆಂದು ಘೋಷಿಸಬೇಕು. ನಮ್ಮ ಅಹವಾಲನ್ನು ಖುದ್ದಾಗಿ ಹೇಳಲು ಅವಕಾಶ ಕೊಡಬೇಕು.’

ಐವತ್ತು ವರ್ಷಕ್ಕೂ ಹಳೆಯ ಸಹಜ ಮಾರುಕಟ್ಟೆಯಾದರೆ ಇನ್ನೊಂದು ಸಾಲು ಸೇರಿಸಿ. ಅಂಥವನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂದು ಎರಡನೇ ಅನುಸೂಚಿ ಹೇಳುತ್ತದೆ. ಹಳೆಯ ಫೋಟೊ, ಸಂತೆ ಹರಾಜಿನ ದಾಖಲೆ, ಹಿರಿಯರ ಹೇಳಿಕೆ ಲಗತ್ತಿಸಿ.

ಪತ್ರವನ್ನು ಟಪಾಲು ಶಾಖೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಸಂಖ್ಯೆ ಹಾಕಿಸಿಕೊಳ್ಳಿ. ಯಾರದೋ ಮೇಜಿನ ಮೇಲಿಟ್ಟು ಬರಬೇಡಿ. ಹೋಗಲಾಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಚೀಟಿ ಉಳಿಸಿಕೊಳ್ಳಿ. ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿ ನಡೆಸುವ ಊರುಗಳಲ್ಲಿ ಈ ಪತ್ರಗಳೇ ಜನರ ದನಿ. ಬೆಂಗಳೂರನ್ನೇ ನೋಡಿ: ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆಯಿತು. ಅಲ್ಲಿನವರು ತಮ್ಮ ಬೀದಿ ಈಗ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ತಿಳಿದುಕೊಂಡು ಪತ್ರ ಬರೆಯಬೇಕು.

ನಿಜವಾದ ಮೇಜು

ಉಪವಿಧಿಗಿಂತ ಮೊದಲು ವಲಯ, ಸಮಯ, ಸಂಖ್ಯೆಗಳು ಚರ್ಚೆಗೆ ಬರಬೇಕಾದದ್ದು ಪಟ್ಟಣ ವ್ಯಾಪಾರ ಸಮಿತಿಯಲ್ಲಿ. ಆಯುಕ್ತರು ಅಥವಾ ಮುಖ್ಯಾಧಿಕಾರಿ ಅದರ ಅಧ್ಯಕ್ಷರು. ಸದಸ್ಯರಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳು ತಮ್ಮೊಳಗಿಂದ ಚುನಾಯಿಸಿದವರಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಂಚಾರ ಪೊಲೀಸರು, ಆರೋಗ್ಯಾಧಿಕಾರಿ, ವರ್ತಕರ ಸಂಘ, ನಿವಾಸಿಗಳ ಸಂಘ, ಬ್ಯಾಂಕಿನ ಪ್ರತಿನಿಧಿಗಳಿಗೂ ಅಲ್ಲಿ ಸ್ಥಾನವಿದೆ. ಗಾಡಿಯವರೂ ಗಾಡಿ ಬೇಡ ಎನ್ನುವವರೂ ಎದುರುಬದುರು ಕೂರುವ ಏರ್ಪಾಡು ಇದೊಂದೇ. ಚುನಾವಣೆ ಮಾಡದೆ, ಕಚೇರಿಗೆ ಬೇಕಾದ ನಾಲ್ವರ ಹೆಸರು ಬರೆದುಕೊಂಡು ಸಮಿತಿ ಆಯಿತೆಂದರೆ ಅದನ್ನು ಒಪ್ಪಬೇಡಿ.

ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಸಭೆ ಯಾವಾಗ ಸೇರಿತು, ಏನು ತೀರ್ಮಾನವಾಯಿತು ಎಂದು ಈ ವಾರವೇ ಕಚೇರಿಯಲ್ಲಿ ವಿಚಾರಿಸಿ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. 30 ದಿನಗಳೊಳಗೆ ಉತ್ತರ ಬರಬೇಕು. ಸಭೆಯ ನಡಾವಳಿಯ ಪ್ರತಿ ಕೇಳುವುದನ್ನು ಮಾತ್ರ ಮರೆಯಬೇಡಿ.